ಪುತ್ತೂರಿನಲ್ಲಿ ಮಾತ್ರ ಪೆಟ್ರೋಲು ಕುಡಿಯುತ್ತಿದ್ದ ಕಾರು

ನಮ್ಮ ಮನೆಗೆ ಆ ಕಾರು ಬಂದ ದಿನ ಇವರು ನನ್ನ ಮುಖ ನೋಡಲಿಲ್ಲ. ಇವರು ಅಂದರೆ ನನ್ನ ಗಂಡ. ಹೆಸರು ಹೇಳುವ ಅಭ್ಯಾಸ ಆಗಲೂ ಇರಲಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಶುರು ಮಾಡುವ ಉಮೇದೂ ಇಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸುಳ್ಯ ಪೇಟೆಯಲ್ಲಿ ಇವರದ್ದು ಗೊಬ್ಬರ, ಸುಣ್ಣ, ಮೈಲುತುತ್ತಿನ ಅಂಗಡಿ. ಮಳೆಗಾಲಕ್ಕೆ ಮೊದಲು ಕೊಳೆರೋಗ ಬಾರದಂತೆ ಅಡಿಕೆಗೆ ಮದ್ದು ಬಿಡುವವರೆಲ್ಲ ಆ ನೀಲಿ ಹರಳಿಗಾಗಿ ನಮ್ಮ ಮೆಟ್ಟಿಲು ಹತ್ತಲೇಬೇಕಿತ್ತು. ನಾನು ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಂಗಡಿಯ ಹಿಂದೆ ಮನೆ, ಪಕ್ಕದಲ್ಲಿ ಇಳಿಜಾರಾದ ಅಂಗಳ. ಆ ಅಂಗಳಕ್ಕೆ ಒಂದು ಸೈಕಲ್ ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಕಾರು ಘಟ್ಟದ ಮೇಲಿನ ಒಬ್ಬ ಕಾಫಿ ಪ್ಲಾಂಟರರದ್ದು. ವಿಲಾಯಿತಿಯಿಂದ ಬಂದದ್ದು. ಅವರು ಹದಿನೈದು ವರ್ಷ ಓಡಿಸಿ ಇನ್ನು ಸಾಕಪ್ಪ ಎಂದು ಕೈಬಿಟ್ಟದ್ದನ್ನು ಇವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೆಣ್ಣೆಯ ಬಣ್ಣ. ಉದ್ದ ಎಷ್ಟೆಂದರೆ, ಮುಂದಿನ ದೀಪ ಅಡುಗೆಮನೆಯ ಬಾಗಿಲಲ್ಲಿದ್ದರೆ ಹಿಂದಿನ ದೀಪ ಬಾವಿಕಟ್ಟೆಯ ಹತ್ತಿರ. ಒಳಗೆ ಚರ್ಮದ ಸೀಟು, ಮರದ ಪಟ್ಟಿ ಕೂರಿಸಿದ ಡ್ಯಾಶ್‌ಬೋರ್ಡು, ಸಿಗರೇಟು ಹೊತ್ತಿಸಲಿಕ್ಕೆಂದೇ ಒಂದು ಗುಂಡಿ. ಇವರು ಸಿಗರೇಟು ಸೇದುವವರಲ್ಲ. ಆದರೂ ಬಂದವರಿಗೆಲ್ಲ ಆ ಗುಂಡಿ ಒತ್ತಿ, ಅದು ಕೆಂಪಾಗುವ ತನಕ ಕಾದು, ತೋರಿಸಿ, ಪುನಃ ಒಳಗೆ ಹಾಕುತ್ತಿದ್ದರು. ಒಂದು ಗಡಿಯಾರವೂ ಇತ್ತು. ನಮ್ಮಲ್ಲಿದ್ದಷ್ಟು ಕಾಲ ಅದು ಹತ್ತೂಕಾಲು ಬಿಟ್ಟು ಬೇರೇನೂ ತೋರಿಸಲಿಲ್ಲ. ಅತ್ತೆ ಮಾತ್ರ ಒಂದು ಸುತ್ತು ಬಂದು, ಡಿಕ್ಕಿ ತೆರೆಸಿ ನೋಡಿ, "ಇದರಲ್ಲಿ ನಾಲ್ಕು ಮೂಟೆ ಹಿಡೀತದೆ" ಅಂದರು. ಆ ಮಾತು ಇವರ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಕಾರು ನೋಡಲು ಘಟ್ಟ ಹತ್ತುವಾಗ ಇವರು ಜೊತೆಗೆ ಕರೆದುಕೊಂಡು ಹೋದದ್ದು ಪುತ್ತೂರಿನ ಒಬ್ಬ ಮೆಕ್ಯಾನಿಕ್ಕನ್ನು. ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮ ಕಡೆ ಅವರನ್ನು ಮರ್ಯಾದೆಯಿಂದ ಕರೆಯುವುದು ಪೊರ್ಬುಗಳು ಎಂದು, ಅವರ ಹೆಂಡತಿಯನ್ನು ಬಾಯಮ್ಮ ಎಂದು. ಬೊಂಬಾಯಿಯ ಒಂದು ಗ್ಯಾರೇಜಿನಲ್ಲಿ ಫಾರಿನ್ ಕಾರುಗಳ ಅಡಿಯಲ್ಲಿ ಹನ್ನೆರಡು ವರ್ಷ ಮಲಗಿ ಎದ್ದು, ಊರಿಗೆ ಮರಳಿ, ಪುತ್ತೂರು ಪೇಟೆಯ ಹೊರಗೆ ತಗಡಿನ ಶೆಡ್ಡು ಹಾಕಿದ್ದರು. ಬೋರ್ಡು ಇಲ್ಲ, ಕರೆಂಟು ಇಲ್ಲ. ಪೊರ್ಬುಗಳ ಹತ್ತಿರ ಗಾಡಿ ಬಿಟ್ಟರೆ ಒಂದು ಬೋಲ್ಟು ಸಹ ಆಚೀಚೆ ಆಗುವುದಿಲ್ಲ ಎಂಬ ಊರಿನ ಮಾತೇ ಅವರ ಬೋರ್ಡು. ಅವರು ಬಾನೆಟ್ಟು ಎತ್ತಿ, ಎಂಜಿನ್ನಿಗೆ ಕಿವಿಗೊಟ್ಟು ಕೇಳಿ, "ಎಂಜಿನ್ ಒಳ್ಳೇದುಂಟು ಧಣಿಗಳೇ. ಉಳಿದದ್ದು ಕಿರಿಕಿರಿ ಮಾಡ್ತದೆ, ಮಾಡದೆ ಇರುದಿಲ್ಲ. ನಾನಿದ್ದೇನಲ್ಲ" ಅಂದರಂತೆ. ಇವರಿಗೆ ಕೇಳಿಸಿದ್ದು ಮೊದಲಿನ ಎರಡು ಶಬ್ದ ಮಾತ್ರ.

ಕಿರಿಕಿರಿಗೆ ಏನೂ ಕೊರತೆಯಾಗಲಿಲ್ಲ. ಮೊದಲ ತಿಂಗಳಲ್ಲೇ ಸೆಲ್ಫ್ ಸತ್ತಿತು. ಅಂಗಳ ಇಳಿಜಾರಾಗಿದ್ದದ್ದು ಪುಣ್ಯ. ಗೇರು ಹಾಕಿ ಉರುಳಿಸಿ, ಬಾವಿಕಟ್ಟೆ ಬರುವ ಮೊದಲು ಕ್ಲಚ್ ಬಿಟ್ಟರೆ ಸ್ಟಾರ್ಟಾಗುತ್ತಿತ್ತು. ಎಡಗಡೆಯ ಗಾಜು ಒಮ್ಮೆ ಕೆಳಗೆ ಇಳಿದದ್ದು ಮೇಲೆ ಬರಲೇ ಇಲ್ಲ. ಇಡೀ ಒಂದು ಮಳೆಗಾಲ ನಾನು ಆ ಚರ್ಮದ ಸೀಟಿನಲ್ಲಿ ಕೊಡೆ ಬಿಡಿಸಿ ಕೂತು ಪ್ರಯಾಣ ಮಾಡಿದ್ದೇನೆ. ಬಿಡಿಭಾಗ ಸುಳ್ಯದಲ್ಲಿ ಬಿಡಿ, ಮಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಬೊಂಬಾಯಿಯಿಂದ ಯಾರಾದರೂ ಊರಿಗೆ ಬರುತ್ತಾರೆಂದು ಗೊತ್ತಾದರೆ ಸಾಕು, ಅವರ ಪೆಟ್ಟಿಗೆಯಲ್ಲಿ ನಮ್ಮದೊಂದು ಕಬ್ಬಿಣದ ತುಂಡು. ಬಂದದ್ದು ಕೂರುತ್ತಿರಲಿಲ್ಲ. ಆಮೇಲೆ ಪೊರ್ಬುಗಳೇ ಲಾರಿಯ ಬೆಲ್ಟು, ಜೀಪಿನ ಪಂಪು, ಸೈಕಲ್ ಟ್ಯೂಬಿನ ತುಂಡು, ಏನೇನೋ ಸೇರಿಸಿ ಅದನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ನನ್ನ ಸಂಬಳ ಬಂದ ದಿನ ಇವರ ಧ್ವನಿ ಬಹಳ ಮೃದುವಾಗುತ್ತಿತ್ತು. "ಕೇಳಿತಾ, ಈ ತಿಂಗಳು ಕ್ಲಚ್ ಪ್ಲೇಟ್ ಒಂದು ಹಾಕಿ ಬಿಟ್ರೆ ಮತ್ತೆ ನೋಡ್ಲಿಕ್ಕಿಲ್ಲ." ನಾನು ನಾಲ್ಕು ವರ್ಷ ಒಂದು ಒಳ್ಳೆಯ ಸೀರೆ ತೆಗೆದುಕೊಳ್ಳಲಿಲ್ಲ. ಕಾರಿಗೆ ಮಾತ್ರ ಸೀಟಿನ ಕವರು ಎರಡು ಸಲ ಬದಲಾಯಿತು.

ಇಷ್ಟೆಲ್ಲ ಇದ್ದರೂ ಇವರಿಗೆ ಅದರ ಮೇಲೆ ಒಂದು ಮಾತು ಹೇಳಕೂಡದು. ಯಾಕೆಂದರೆ ಕಾರು ಬಂದ ಮೇಲೆ ಇವರಿಗೆ ಒಂದು ಸ್ಥಾನ ಬಂದಿತ್ತು. ಮದುವೆಯ ದಿಬ್ಬಣ ಹೊರಡುವಾಗ ಮದುಮಗ ಕೂರಲು ಒಂದು ಘನವಾದ ಕಾರು ಬೇಕು. ನಮ್ಮ ಸುತ್ತಿನ ಮೂರು ಊರುಗಳಲ್ಲಿ ಇದಕ್ಕಿಂತ ಘನವಾದದ್ದು ಇರಲಿಲ್ಲ. ಕೊಲ್ಲಮೊಗ್ರುವಿನಿಂದ ಹಿಡಿದು ಕಡಬದ ತನಕ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ, ಪುರೋಹಿತರ ಮನೆಗೆ ಹೋಗುವ ಮೊದಲು ನಮ್ಮ ಅಂಗಡಿಗೆ ಬರುತ್ತಿದ್ದರು. ಬಾಡಿಗೆ ಕೇಳುವುದುಂಟೇ? ಮರ್ಯಾದೆ ಪ್ರಶ್ನೆ! ಪೆಟ್ರೋಲು ನಮ್ಮದು, ಡ್ರೈವರು ಇವರು. ಬಿಳಿ ಪಂಚೆ, ಬಿಳಿ ಅಂಗಿ, ಕಪ್ಪು ಕನ್ನಡಕ. ಬದಲಿಗೆ ಸಿಗುತ್ತಿದ್ದದ್ದು ಒಂದು ತೆಂಗಿನಕಾಯಿ, ಮೊದಲ ಪಂಕ್ತಿಯ ಊಟ. ಎಷ್ಟೋ ಮದುವೆಗಳ ಫೋಟೋದಲ್ಲಿ ಮದುಮಗನಿಗಿಂತ ಇವರೇ ನೆಟ್ಟಗೆ ನಿಂತಿದ್ದಾರೆ.

ಇನ್ನು ಪೆಟ್ರೋಲಿನ ವಿಷಯಕ್ಕೆ ಬರುತ್ತೇನೆ. ಸೋಮವಾರ ಪುತ್ತೂರಿನ ಸಂತೆ. ಅಂಗಡಿಯ ಮಾಲು ತರಲು ಇವರು ಪ್ರತಿ ಸೋಮವಾರ ಬೆಳಿಗ್ಗೆ ಪುತ್ತೂರಿಗೆ ಹೋಗುವುದು, ಅಲ್ಲಿ ಟ್ಯಾಂಕು ತುಂಬಾ ಪೆಟ್ರೋಲು ಹಾಕಿಸುವುದು, ಏನಾದರೊಂದು ರಿಪೇರಿ ಇದ್ದೇ ಇರುತ್ತಿದ್ದುದರಿಂದ ಕಾರನ್ನು ಪೊರ್ಬುಗಳ ಶೆಡ್ಡಿನಲ್ಲಿ ಬಿಟ್ಟು ಪೇಟೆ ಸುತ್ತುವುದು. ಸಂಜೆ ಬಂದು ಡಿಕ್ಕಿಗೆ ಮೈಲುತುತ್ತಿನ ಮೂಟೆ ತುಂಬಿಸಿ ಸುಳ್ಯಕ್ಕೆ ಹೊರಡುವುದು. ಮೊದಲೆರಡು ವರ್ಷ ಎಲ್ಲ ಸರಿಯೇ ಇತ್ತು. ಮೂರನೆಯ ವರ್ಷ ಒಂದು ಸೋಮವಾರ ಸಂಜೆ ಇವರು ಕಾರು ಹತ್ತಿ ನೋಡುತ್ತಾರೆ, ಪೆಟ್ರೋಲಿನ ಮುಳ್ಳು ಅರ್ಧಕ್ಕೆ ಬಂದಿದೆ. ಮುಳ್ಳು ಹಾಳಾಗಿರಬೇಕೆಂದುಕೊಂಡರು. ಮುಂದಿನ ಸೋಮವಾರವೂ ಹಾಗೆಯೇ. ಅದರ ಮುಂದಿನದ್ದೂ. ಸುಳ್ಯದಲ್ಲಿ ಇಡೀ ವಾರ ನಿಂತರೆ ಒಂದು ಹನಿ ಕಡಿಮೆಯಾಗುವುದಿಲ್ಲ. ಪುತ್ತೂರಿನಲ್ಲಿ ಒಂದು ಹಗಲು ನಿಂತರೆ ಅರ್ಧ ಟ್ಯಾಂಕು ಮಾಯ.

ಇವರು ಕೇಳಿದಾಗ ಪೊರ್ಬುಗಳು, "ನನಗೂ ವಾಸನೆ ಬರ್ತಾ ಉಂಟು ಧಣಿಗಳೇ. ಟ್ಯಾಂಕು ಇಳಿಸಿ ನೋಡ್ಬೇಕು. ಎರಡು ದಿನ ಕಾರು ಬಿಟ್ಟು ಹೋಗಿ" ಅಂದರು.

"ಎರಡು ದಿನವಾ? ನಾಳೆ ಬಿಟ್ಟು ನಾಡಿದ್ದು ದಿಬ್ಬಣ ಉಂಟು ಮಾರಾಯ್ರೆ!"

ಹೀಗೆ ನಾಲ್ಕು ಸಲ ಆಯಿತು. ನಾಲ್ಕು ಸಲವೂ ಒಂದು ದಿಬ್ಬಣ ಅಡ್ಡ ಬಂತು. ನಾಲ್ಕನೆಯ ಸಲ ಮನೆಗೆ ಬಂದವರೇ ಇವರು ಕೈಕಾಲು ತೊಳೆಯುವ ಮೊದಲು ನನ್ನ ಹತ್ತಿರ ಹೇಳಿದರು: "ಅರ್ಧ ತೆಗೆದದ್ದು ಸಾಕಾಗ್ಲಿಲ್ಲ ಪೊರ್ಬುಗಳಿಗೆ. ಎರಡು ದಿನ ಬಿಟ್ರೆ ಪೂರ್ತಿ ತೆಗೀಬಹುದಲ್ಲ!"

ನಾನು ಆಗ ಏನು ಹೇಳಬೇಕಿತ್ತು? ಹೆಸರಿಗೆ ವಿಜ್ಞಾನದ ಟೀಚರು. ಕಣ್ಣಾರೆ ನೋಡದೆ ಒಪ್ಪಬೇಡಿ ಎಂದು ಮಕ್ಕಳ ಕಿವಿ ಹಿಂಡುವವಳು. "ಹೌದಾ? ಛೇ, ನೋಡಿದ್ರೆ ಪಾಪದವರ ಹಾಗೆ ಕಾಣ್ತಾರೆ" ಅಂದೆ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುತ್ತ ಅದನ್ನೇ ನಾಲ್ಕು ಜನರಿಗೆ ಹೇಳಿದೆ. ಎಷ್ಟು ಸಲೀಸಾಗಿ ಬಾಯಿಂದ ಬಂತೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಂಗಡಿಯಲ್ಲಿ ಇವರು ಹೇಳಿದ್ದಕ್ಕಂತೂ ಲೆಕ್ಕವಿಲ್ಲ. ಮದ್ದಿನ ಕಾಲದಲ್ಲಿ ಮೂರೂ ಊರಿನ ಜನ ಬಂದು ಬೆಂಚಿನಲ್ಲಿ ಕೂರುವ ಜಾಗ ಅದು. "ಹೇಳಬಾರದು, ಆದ್ರೂ ನೀವಾದ ಕಾರಣ ಹೇಳ್ತೇನೆ" ಎಂದು ಇವರು ದನಿ ತಗ್ಗಿಸುತ್ತಿದ್ದರು. ನೀವಾದ ಕಾರಣ ಎಂದು ದಿನಕ್ಕೆ ಹದಿನೈದು ಜನರಿಗಾದರೂ ಹೇಳಿರಬಹುದು. ಒಂದೇ ವರ್ಷ. ಆಲೆಟ್ಟಿಯ ರಬ್ಬರು ತೋಟದವರು ತಮ್ಮ ಎರಡೂ ಜೀಪುಗಳನ್ನು ಪೊರ್ಬುಗಳ ಶೆಡ್ಡಿನಿಂದ ತೆಗೆದು ಬೇರೆ ಕಡೆ ಬಿಟ್ಟರು. ಅವರು ಅದನ್ನು ನಮಗೇ ಉಪಕಾರ ಮಾಡಿದಂತೆ ಬಂದು ಹೇಳಿದರು. ಆಮೇಲೆ ಒಬ್ಬೊಬ್ಬರೇ. ಇವರು ಮಾತ್ರ ಸೋಮವಾರ ತಪ್ಪದೆ ಅಲ್ಲಿಗೇ ಹೋಗುತ್ತಿದ್ದರು. ಆ ಕಾರನ್ನು ಎಬ್ಬಿಸಲು ಬೇರೆ ಯಾರಿಗೂ ಗೊತ್ತಿರಲಿಲ್ಲವಲ್ಲ! ಕಳ್ಳ ಅನ್ನುವುದೂ ಅವರನ್ನೇ, ಕಾರು ಬಿಡುವುದೂ ಅವರ ಹತ್ತಿರವೇ. ಟ್ಯಾಂಕು ಮಾತ್ರ ಆಮೇಲೆ ಅರ್ಧವೇ ತುಂಬಿಸುತ್ತಿದ್ದರು. ಪೆಟ್ರೋಲು ಹೋಗುವುದು ಕೂಡಲೇ ನಿಂತಿತು. "ನೋಡಿದೆಯಾ? ನಾನು ಎಚ್ಚರಾದ್ದು ಗೊತ್ತಾಯ್ತು ಅವರಿಗೆ" ಎಂದು ಇವರು ಮೀಸೆಯಡಿ ನಕ್ಕರು.

ಮುಂದಿನ ಏಪ್ರಿಲ್ ಕೊನೆಯಲ್ಲಿ ನನ್ನ ಮೈದುನನ ಮದುವೆ ಗೊತ್ತಾಯಿತು. ಹುಡುಗಿಯ ಮನೆ ಕಡಬ. ಮೇ ತಿಂಗಳ ನಡುವಿನ ಮುಹೂರ್ತ. ಊರಿನ ಮದುಮಕ್ಕಳನ್ನೆಲ್ಲ ಹೊತ್ತ ಕಾರು ಕೊನೆಗೂ ಸ್ವಂತ ತಮ್ಮನನ್ನು ಹೊರುತ್ತದೆಂದು ಇವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆಗೆ ಎರಡು ವಾರ ಇರುವಾಗ ಒಂದು ಭಾನುವಾರ ಹನ್ನೊಂದು ಗಂಟೆಗೆ ಗೇಟಿನ ಶಬ್ದವಾಯಿತು. ನೋಡಿದರೆ ಪೊರ್ಬುಗಳು. ಪುತ್ತೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ಇಗರ್ಜಿಗೆ ಹೋಗಿ ಬಂದ ಇಸ್ತ್ರಿಯ ಅಂಗಿ, ಪಾಲಿಶ್ ಮಾಡಿದ ಚಪ್ಪಲಿ. ಇವರು ಕಿಟಕಿಯಿಂದ ನೋಡಿದವರೇ, "ನಾನಿಲ್ಲ ಅಂತ ಹೇಳು" ಎಂದು ಅಡುಗೆಮನೆಗೆ ನುಗ್ಗಿ ಅಕ್ಕಿ ಡಬ್ಬದ ಹಿಂದೆ ನಿಂತರು. ನೂರೆಂಬತ್ತು ಪೌಂಡಿನ ಮನುಷ್ಯ!

"ಇವರು ಪೇಟೆಗೆ ಹೋಗಿದ್ದಾರೆ" ಅಂದೆ.

ಪೊರ್ಬುಗಳು ಅಂಗಳದ ಕಾರು ನೋಡಿದರು, ಜಗಲಿಯಲ್ಲಿದ್ದ ಇವರ ಚಪ್ಪಲಿ ನೋಡಿದರು. ನಾನು ಕೊಟ್ಟ ನೀರನ್ನು ಮುಟ್ಟಲಿಲ್ಲ. ನಿಂತೇ ಮಾತಾಡಿದರು.

"ಟೀಚರೇ, ನಾನು ಹೆಚ್ಚು ಮಾತು ಗೊತ್ತಿದ್ದವನಲ್ಲ. ಬೊಂಬಾಯಿಯಲ್ಲಿ ದೊಡ್ಡ ದೊಡ್ಡವರ ಕಾರು ನನ್ನ ಕೈಯಲ್ಲಿತ್ತು. ಸೀಟಿನ ಅಡಿಯಲ್ಲಿ ಚಿನ್ನದ ಬಳೆ ಸಿಕ್ಕಿದೆ, ಕರೆದು ಕೊಟ್ಟಿದ್ದೇನೆ. ಈಗ ನನ್ನ ಶೆಡ್ಡಿನಲ್ಲಿ ನಿಮ್ಮದೊಂದು ಬಿಟ್ರೆ ಬೇರೆ ಕಾರಿಲ್ಲ. ಮೊನ್ನೆ ಒಬ್ರು ಜೀಪು ತಂದ್ರು. ನಾನು ಕೆಲಸ ಮಾಡಿ ಮುಗಿಸುವವರೆಗೆ ಟ್ಯಾಂಕಿನ ಮುಚ್ಚಳಕ್ಕೆ ಕೈ ಇಟ್ಟು ನಿಂತಿದ್ರು. ನನಗೆ ಊಟ ಸೇರುದಿಲ್ಲ ಟೀಚರೇ. ಟ್ಯಾಂಕು ಇರುದು ಡಿಕ್ಕಿಯ ಅಡಿಯಲ್ಲಿ, ಡಿಕ್ಕಿಯ ಕೀ ಧಣಿಗಳು ನನ್ನ ಹತ್ತಿರ ಬಿಡುದಿಲ್ಲ. ನನಗೆ ಆ ಡಿಕ್ಕಿ ಒಮ್ಮೆ ನೋಡ್ಬೇಕು, ಅಷ್ಟೇ."

ಬೀಗದ ಕೈ ತಂದು ಕೊಟ್ಟೆ. ಡಿಕ್ಕಿ ತೆರೆದು, ನೆಲಕ್ಕೆ ಹಾಸಿದ್ದ ರಬ್ಬರು ಚಾಪೆಯನ್ನು ಅವರು ಎತ್ತಿ ಮಡಚಿದರು. ಅಡಿಯಲ್ಲಿ ನೀಲಿ ಹಸಿರು ರಾಡಿ, ಮೂರು ಮಳೆಗಾಲ ಮೂಟೆಯಿಂದ ಒಸರಿದ್ದು. ಅವರು ಹಳೆ ಬಟ್ಟೆಯಿಂದ ಅದನ್ನು ಉಜ್ಜಿದರು. ಕೆಳಗೆ ತಗಡೇ ಇರಲಿಲ್ಲ, ಅಂಗೈಯಗಲದ ತೂತು. ತೂತಿನೊಳಗೆ ಪೆಟ್ರೋಲ್ ಟ್ಯಾಂಕಿನ ಹೆಗಲು ಕಾಣುತ್ತಿತ್ತು. ಅದರ ಮೇಲಿನಿಂದ ಪಕ್ಕಕ್ಕೆ, ಅರ್ಧದ ತನಕ ಇಳಿದು ಬಂದ ಒಂದು ಕೆಂಪು ಗೆರೆ. ಗೆರೆಯ ಕೊನೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳು.

"ಇದೆಂತ ಕೆಂಪು? ತುಕ್ಕಲ್ಲ ಇದು" ಅಂದರು ಪೊರ್ಬುಗಳು.

ಅದು ತಾಮ್ರ. ಮೈಲುತುತ್ತಿನ ನೀರಿಗೆ ಕಬ್ಬಿಣ ತಾಗಿದರೆ ಕಬ್ಬಿಣ ಕರಗುತ್ತ ಹೋಗುತ್ತದೆ, ಅದರ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಪ್ರತಿ ವರ್ಷ ಒಂದು ಗ್ಲಾಸಿನಲ್ಲಿ ನೀಲಿ ನೀರು ಮಾಡಿ, ಕಬ್ಬಿಣದ ಮೊಳೆ ಅದ್ದಿ, ಅದು ಕೆಂಪಾಗುವುದನ್ನು ನಾನೇ ಮಕ್ಕಳಿಗೆ ತೋರಿಸುತ್ತಿದ್ದವಳು. ಗ್ಲಾಸಿಗೆ ಬೇಕಾದ ಮೈಲುತುತ್ತು ನಮ್ಮ ಅಂಗಡಿಯದ್ದೇ. ನನ್ನ ಬೆನ್ನ ಹಿಂದೆ ಮೂಟೆ ಮೂಟೆ ಹರಳು, ಅದರಡಿಯಲ್ಲಿ ಕಬ್ಬಿಣದ ಟ್ಯಾಂಕು, ಮೂರು ವರ್ಷ ಅದರ ಮುಂದೆ ರಾಣಿಯ ಹಾಗೆ ಕೂತಿದ್ದೆ!

ನಾನು ಹೇಳಿದ್ದನ್ನು ಪೊರ್ಬುಗಳು ಎರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ ಬೆರಳಿನಿಂದ ಟ್ಯಾಂಕಿನ ನಡು ತೋರಿಸಿ, "ಇಲ್ಲಿಂದ ಕೆಳಗೆ ತೂತಿಲ್ಲ. ಅದಕ್ಕೇ ಅರ್ಧಕ್ಕೆ ಬಂದ ಮೇಲೆ ಸೋರುದಿಲ್ಲ. ಫುಲ್ ಮಾಡುದು ಪುತ್ತೂರಲ್ಲಿ, ನಿಲ್ಲಿಸುದು ನನ್ನ ಹತ್ತಿರ. ನನ್ನ ಶೆಡ್ಡಿನ ಮಣ್ಣೇ ಪೆಟ್ರೋಲು, ಆಯಿಲು. ಸೋರಿದ್ದು ಕಣ್ಣಿಗೆ ಕಾಣುದು ಹೇಗೆ?" ಅಂದರು. ಅವರ ಕಣ್ಣಲ್ಲಿ ನೀರಿತ್ತು.

ಆಗ ಅಡುಗೆಮನೆಯಿಂದ ಒಂದು ಡಬ್ಬ ಬಿದ್ದ ಶಬ್ದ. ಪೇಟೆಗೆ ಹೋಗಿದ್ದವರು ಮೈಮೇಲೆ ಅಕ್ಕಿ ಹಿಟ್ಟು ಮಾಡಿಕೊಂಡು ಹಿಂಬಾಗಿಲಿನಿಂದ ಬಂದು ನಿಂತರು. ಡಿಕ್ಕಿಯೊಳಗೆ ನೋಡಿದರು. ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ ಎಂದು ದಿನಾ ಗಿರಾಕಿಗಳಿಗೆ ಹೇಳುತ್ತಿದ್ದವರು ಇವರೇ.

"ಬೆಸುಗೆ ಹಾಕಿ ಕೊಡ್ತೇನೆ. ನನಗೆ ಕಾಸು ಬೇಡ" ಅಂದರು ಪೊರ್ಬುಗಳು. "ನನ್ನ ಬಗ್ಗೆ ಎಲ್ಲಿ ಹೇಳಿದ್ದೀರೋ ಅಲ್ಲಿ, ಅಷ್ಟೇ ಜನರ ಎದುರು, ಅದು ಸುಳ್ಳು ಅಂತ ಹೇಳ್ಬೇಕು. ಹೇಳಿದ ದಿನ ಕಾರು ತನ್ನಿ."

"ಆಯ್ತು, ನೋಡುವ" ಅಂದರು ಇವರು.

ನಮ್ಮ ಕಡೆ ನೋಡುವ ಅಂದರೆ ಏನೆಂದು ನಮ್ಮ ಕಡೆಯವರಿಗೆಲ್ಲ ಗೊತ್ತು. ಮರುದಿನದಿಂದ ನಾನು ಅಂಗಡಿಯ ಬಾಗಿಲಲ್ಲಿ ಕಿವಿಯಿಟ್ಟು ನಿಂತೆ. ಒಬ್ಬರು ಬಂದು ಬೆಂಚಿನಲ್ಲಿ ಕೂರುತ್ತಿದ್ದರು. ಇವರು ಗಂಟಲು ಸರಿಮಾಡಿಕೊಂಡು, "ಆ ಪೊರ್ಬುಗಳ ವಿಷಯ ಉಂಟಲ್ಲ..." ಎಂದು ತೆಗೆಯುತ್ತಿದ್ದರು. "ಎಂತ? ಪುನಃ ತೆಗೆದ್ರಾ?" ಎಂದು ಅವರು ಮುಂದೆ ಬಾಗುವುದು. "ಇಲ್ಲ, ಎಂತ ಇಲ್ಲ. ಸುಣ್ಣ ಎಷ್ಟು ಕಟ್ಟಲಿ?" ಹತ್ತು ದಿನ ಹೀಗೆ ಸುಣ್ಣ ಕಟ್ಟಿದರು.

"ಹೇಳ್ಲಿಕ್ಕೆ ಎಂತ ಧಾಡಿ ನಿಮಗೆ?" ಎಂದು ನಾನು ಸಿಡಿದೆ.

"ಮೈಲುತುತ್ತು ಮಾರುವವನಿಗೇ ಮೈಲುತುತ್ತು ಗೊತ್ತಿಲ್ಲ ಅಂತ ಊರಿಡೀ ನಗ್ತದೆ ಮಾರಾಯ್ತಿ. ಮದುವೆ ಒಂದು ಮುಗೀಲಿ."

"ಅವರ ಅನ್ನಕ್ಕೆ ಕಲ್ಲು ಹಾಕಿ ನಿಮ್ಮ ತಮ್ಮನ ಮದುವೆಯಾ?" ಅಂದೆ. ಇವರು ಲೆಕ್ಕದ ಪುಸ್ತಕ ತೆರೆದರು. ಸ್ಟಾಫ್ ರೂಮಿನಲ್ಲಿ ನಾನು ಹೇಳಿದ್ದನ್ನು ಮಾತ್ರ ಅದೇ ವಾರ, ಅದೇ ನಾಲ್ಕು ಜನರ ಮನೆ ಬಾಗಿಲಿಗೆ ಹೋಗಿ ವಾಪಸು ತೆಗೆದುಕೊಂಡು ಬಂದೆ. ಬೇಸಿಗೆ ರಜೆಯಲ್ಲಿ ಇದಕ್ಕೆ ಬಂದಳಾ ಇವಳು ಎಂದು ಅವರು ನೋಡಿದರು. ನೋಡಲಿ. ಆಮೇಲೆ ಮದುವೆಯ ಕಾಗದ ಹಿಡಿದುಕೊಂಡು ಬಸ್ಸು ಹತ್ತಿ ಪುತ್ತೂರಿಗೆ ಹೋದೆ. ಶೆಡ್ಡು ಖಾಲಿಯಾಗಿತ್ತು. ಪಕ್ಕದ ಮನೆಯಲ್ಲಿ ಬಾಯಮ್ಮ ಕಾಗದ ತೆಗೆದುಕೊಳ್ಳದೆ, "ನಾವು ಬಂದ್ರೆ ಜನ ನಮ್ಮ ಕೈ ನೋಡ್ತಾರೆ ಟೀಚರೇ" ಅಂದರು. ಪೊರ್ಬುಗಳು ಕೈ ಚಾಚಿ ಕಾಗದ ತೆಗೆದುಕೊಂಡರು. "ಬರ್ತೇವೆ. ಬಾರದಿದ್ರೆ ಹೌದು ಅಂತ ಆಗ್ತದೆ."

ಬೆಸುಗೆ ಇಲ್ಲದೆ ಇವರು ಟ್ಯಾಂಕಿಗೆ ಮಾಡಿದ ಚಿಕಿತ್ಸೆ ಬಟ್ಟೆ ಒಗೆಯುವ ಸೋಪು. ಯಾರೋ ಲಾರಿಯವರು ಹೇಳಿಕೊಟ್ಟರಂತೆ. ಅ‌ರ್ಧ ತುಂಡು ಸೋಪನ್ನು ನಾದಿ ನಾದಿ ತೂತುಗಳಿಗೆ ಮೆತ್ತಿ, ಅದರ ಮೇಲೆ ಬಟ್ಟೆ ಸುತ್ತಿ, ಡಿಕ್ಕಿಗೆ ಹೊಸ ಚಾಪೆ ಹಾಸಿದರು. ದಿಬ್ಬಣದ ಬೆಳಿಗ್ಗೆ ಕಾರಿಗೆ ಮಲ್ಲಿಗೆ, ಗೊಂಡೆಯ ಹಾರ ಕಟ್ಟಿ, ದಾರಿಯಲ್ಲಿ ಎಲ್ಲೂ ನಿಲ್ಲಬಾರದೆಂದು ಟ್ಯಾಂಕು ತುಂಬಿಸಿದರು. ಮುಂದೆ ಇವರು ಮತ್ತು ಕಪ್ಪು ಕನ್ನಡಕ. ಹಿಂದೆ ಪೇಟ ಸುತ್ತಿದ ಮೈದುನ, ಪಕ್ಕದಲ್ಲಿ ಬೀಡಿ ಬಿಡದ ಸೋದರಮಾವ, ಇನ್ನೊಂದು ಪಕ್ಕದಲ್ಲಿ ನಾನು. ಕಾರಿನ ಹಿಂದೆ ದಿಬ್ಬಣದ ಬಸ್ಸು.

ಪಂಜ ದಾಟಿ ಒಂದು ಏರು. ಹಿಂದಿನಿಂದ ಬಸ್ಸು ಹಾರನ್ನು ಹೊಡೆಯಲು ಶುರುಮಾಡಿತು. ದಾರಿ ಬೇಕಾಗಿರಬೇಕೆಂದು ಇವರು ಇನ್ನೂ ಗತ್ತಿನಿಂದ ನಡುರಸ್ತೆಯಲ್ಲೇ ಬಿಟ್ಟರು. ಕೊನೆಗೆ ಬಸ್ಸಿನ ಕ್ಲೀನರು ಬಾಗಿಲಲ್ಲಿ ನೇತಾಡುತ್ತ ಕಿರುಚಿದ: "ಪೆಟ್ರೋಲ್! ಪೆಟ್ರೋಲ್ ಸುರೀತಾ ಉಂಟು! ಬೀಡಿ ಬಿಸಾಡಿ, ಬೀಡಿ!" ನೋಡಿದರೆ ಸೋಪೂ ಇಲ್ಲ, ಬಟ್ಟೆಯೂ ಇಲ್ಲ, ರಸ್ತೆಯುದ್ದ ಒದ್ದೆ ಗೆರೆ. ಸೋದರಮಾವ ಬೀಡಿಯನ್ನು ನುಂಗಿದರೋ ಎಸೆದರೋ ಇವತ್ತಿಗೂ ಗೊತ್ತಿಲ್ಲ. ಮದುಮಗ ಪಂಚೆ ಎತ್ತಿಕೊಂಡು ಓಡಿದ್ದು ಮಾತ್ರ ಬಸ್ಸಿನವರೆಲ್ಲ ನೋಡಿದರು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಹಾರ ಹಾಕಿದ ಕಾರನ್ನು ರಸ್ತೆ ಬದಿಗೆ ತಳ್ಳಿ, ಕಾವಲಿಗೆ ಒಬ್ಬರನ್ನು ನಿಲ್ಲಿಸಿ, ಎಲ್ಲರೂ ಬಸ್ಸು ಹತ್ತಿದೆವು. ಇವರು ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

ಕಡಬದಲ್ಲಿ ಚಪ್ಪರದ ತುಂಬಾ ಜನ. ಮೂರೂ ಊರಿನವರು, ಹೆಚ್ಚುಕಡಿಮೆ ನಮ್ಮ ಅಂಗಡಿಯ ಬೆಂಚೇ ಎದ್ದು ಬಂದ ಹಾಗೆ. ಹಿಂದಿನ ಸಾಲಿನ ಕುರ್ಚಿಯಲ್ಲಿ ಪೊರ್ಬುಗಳು, ಬಾಯಮ್ಮ, ಕೈಯಲ್ಲಿ ಬೆಲ್ಲ ನೀರಿನ ಲೋಟ. ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿ. ಮದುಮಗ ಬಸ್ಸಿನಿಂದ ಇಳಿದದ್ದನ್ನು ಕಂಡು ಹೆಣ್ಣಿನ ಕಡೆಯವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕೊಲ್ಲಮೊಗ್ರುವಿನ ಒಬ್ಬ ಹಿರಿಯರು, ಇವರಿಗೆ ದೂರದಿಂದ ಮಾವ ಆಗಬೇಕು, ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿದರು: "ಎಂತ ಮಾರಾಯ, ಕಾರೆಲ್ಲಿ? ನಿನ್ನ ಪೊರ್ಬು ಇವತ್ತೂ ಟ್ಯಾಂಕು ಖಾಲಿ ಮಾಡಿದನಾ?"

ಚಪ್ಪರವೇ ನಕ್ಕಿತು. ಹಿಂದಿನ ಸಾಲಿನಲ್ಲಿ ಬಾಯಮ್ಮ ಲೋಟವನ್ನು ಕುರ್ಚಿಯ ಅಡಿಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಪೊರ್ಬುಗಳು ತಲೆಯೆತ್ತಲಿಲ್ಲ.

ಇವರು ಅವರಿಬ್ಬರನ್ನೂ ನೋಡಿದರು. ಒಂದು ಹುಸಿನಗೆ ನಕ್ಕುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಮುಹೂರ್ತಕ್ಕೆ ಹೊತ್ತಾಗಿತ್ತು, ಯಾರಿಗೂ ಉತ್ತರ ಬೇಕಾಗಿರಲಿಲ್ಲ. ನಗಬೇಡಿ, ನಗಬೇಡಿ ಎಂದು ನಾನು ಒಳಗೇ ಬೇಡಿಕೊಂಡೆ.

"ಇಲ್ಲ ಮಾವ" ಅಂದರು ಇವರು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. "ಇಲ್ಲ. ಅವರು ಒಂದು ಹನಿ ಮುಟ್ಟಿದವರಲ್ಲ. ನಾನು ಡಿಕ್ಕಿಯಲ್ಲಿ ಮೈಲುತುತ್ತು ತುಂಬಿಸಿದ್ದು, ಅದು ಟ್ಯಾಂಕನ್ನು ತಿಂದದ್ದು. ಟ್ಯಾಂಕು ಇಳಿಸಿ ನೋಡ್ಬೇಕು ಅಂತ ಅವರು ನಾಲ್ಕು ಸರ್ತಿ ಹೇಳಿದ್ರು, ನಾನು ಕಾರು ಬಿಡ್ಲಿಲ್ಲ. ಕದ್ದರು ಅಂತ ಊರಿಡೀ ಹೇಳಿದ್ದು ನಾನು. ನಿಮ್ಮ ಹತ್ತಿರವೂ ನಾನೇ ಹೇಳಿದ್ದು. ಅದು ಸುಳ್ಳು."

ಯಾರೋ, "ಮೈಲುತುತ್ತಾ? ಕಬ್ಬಿಣದ ಮೇಲಾ?" ಅಂದರು. ಮತ್ತೆ ನಗು ಎದ್ದಿತು, ಮೊದಲಿನದಕ್ಕಿಂತ ಜೋರಾಗಿ, ಈ ಸಲ ಇವರ ಮೇಲೆ. ಇವರ ಕಿವಿ ಕೆಂಪಾಯಿತು. ಆದರೆ ಅಲ್ಲೇ ನಿಂತಿದ್ದರು, ನಗು ಪೂರ್ತಿ ಮುಗಿಯುವ ತನಕ.

ಬಾಯಮ್ಮ ಇನ್ನೂ ನಿಂತೇ ಇದ್ದರು. ಪೊರ್ಬುಗಳು ಕುರ್ಚಿಯ ಅಡಿಯಿಂದ ಲೋಟ ತೆಗೆದು ಅವರ ಕೈಗೆ ಕೊಟ್ಟು ಕೊಂಕಣಿಯಲ್ಲಿ ಏನೋ ಹೇಳಿದರು. ಅಷ್ಟು ಕೊಂಕಣಿ ನನಗೂ ಬರುತ್ತಿತ್ತು.

"ಕೂತ್ಕೋ. ಊಟ ಮಾಡಿಯೇ ಹೋಗುವ."